ಮೂರು ಗಿಡ, ಐವತ್ತು ಗ್ರಾಂ ಮತ್ತು ಒಂದು ದೀಪ

2024ರ ಏಪ್ರಿಲ್ 1ರಂದು ಜರ್ಮನಿಯಲ್ಲಿ ಗಾಂಜಾ ಕಾನೂನು ಜಾರಿಗೆ ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಪ್ರಕಟಿಸಿದ್ದು ಬರ್ಲಿನ್ನಿನ ಬ್ರಾಂಡೆನ್‌ಬುರ್ಗ್ ದ್ವಾರದ ಮುಂದೆ ನಡುರಾತ್ರಿ ನೆರೆದಿದ್ದ ಜನರ ಚಿತ್ರವನ್ನು. ಪರ ವಿರೋಧದ ವಾದಗಳೆಲ್ಲ ನೀತಿ, ಆರೋಗ್ಯ, ಯುವಜನರ ಭವಿಷ್ಯ ಎಂಬ ದೊಡ್ಡ ಮಾತುಗಳ ಸುತ್ತ ಸುತ್ತಿದವು. ಆದರೆ ಸಂಭ್ರಮದ ಹೊಗೆ ಕರಗಿದ ಮೇಲೆ ಕಾನೂನನ್ನು ಬಳಸಿಕೊಳ್ಳಲು ಹೊರಟ ಸಾಮಾನ್ಯ ನಾಗರಿಕನ ಎದುರಿಗೆ ನಿಂತ ಮೊದಲ ಪ್ರಶ್ನೆ ತೀರಾ ಸಾಧಾರಣವಾದದ್ದು: ಯಾವ ದೀಪ ಕೊಳ್ಳಬೇಕು?

ಹೌದು, ದೀಪ. ಬೀಜವಲ್ಲ, ಮಣ್ಣಲ್ಲ, ಗೊಬ್ಬರವಲ್ಲ. ಮನೆಯೊಳಗೆ ಮೊದಲ ಬಾರಿಗೆ ಗಿಡ ಬೆಳೆಸುವವನ ಖರ್ಚಿನಲ್ಲಿ ದೊಡ್ಡ ಪಾಲು ನುಂಗುವುದು, ಇಳುವರಿಯನ್ನು ನಿರ್ಧರಿಸುವುದು, ವಿದ್ಯುತ್ ಬಿಲ್ಲನ್ನು ಏರಿಸುವುದು ಈ ಎಲ್‌ಇಡಿ ದೀಪವೇ. ಜರ್ಮನಿಯ ಮಟ್ಟಿಗೆ ಇನ್ನೊಂದು ಮಾತನ್ನೂ ಸೇರಿಸಬೇಕು. ಆತ ಕಾನೂನಿನ ಗೆರೆಯೊಳಗೆ ಉಳಿಯುತ್ತಾನೋ ಗೆರೆ ದಾಟುತ್ತಾನೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದೂ ಅದೇ. ಸಂಸತ್ತಿನಲ್ಲಿ ಗಂಟೆಗಟ್ಟಲೆ ಚರ್ಚಿಸಿದವರಲ್ಲಿ ಎಷ್ಟು ಮಂದಿ ಇದನ್ನು ಯೋಚಿಸಿದ್ದರೋ!

ಕಾನೂನು ಹೇಳುವುದೇನು?

ಮೊದಲು ಕಾನೂನಿನ ಚೌಕಟ್ಟನ್ನು ನೋಡೋಣ. ಜರ್ಮನಿಯ ಸಂಸತ್ತು 2024ರ ಫೆಬ್ರವರಿ 23ರಂದು ಈ ಮಸೂದೆಗೆ ಒಪ್ಪಿಗೆ ನೀಡಿತು. ಅಂದಿನ ಆರೋಗ್ಯ ಸಚಿವ ಕಾರ್ಲ್ ಲಾಟರ್‌ಬಾಖ್ ಅದರ ಮುಂದಾಳು. 18 ವರ್ಷ ತುಂಬಿದವರು ಹೊರಗೆ ಓಡಾಡುವಾಗ 25 ಗ್ರಾಂವರೆಗೆ, ಮನೆಯಲ್ಲಿ 50 ಗ್ರಾಂವರೆಗೆ ಒಣಗಿದ ಗಾಂಜಾ ಇಟ್ಟುಕೊಳ್ಳಬಹುದು. ಒಬ್ಬ ವಯಸ್ಕ ತಾನು ವಾಸಿಸುವ ಮನೆಯಲ್ಲಿ ಏಕಕಾಲಕ್ಕೆ ಮೂರು ಗಿಡಗಳನ್ನು ಸ್ವಂತ ಬಳಕೆಗೆ ಬೆಳೆಸಬಹುದು. ಬೆಳೆದದ್ದನ್ನು ಮಾರುವುದಿರಲಿ, ಗೆಳೆಯನಿಗೆ ಪುಕ್ಕಟೆ ಕೊಡುವುದೂ ನಿಷಿದ್ಧ. ಗಿಡಗಳು ಮಕ್ಕಳ ಮತ್ತು ಹೊರಗಿನವರ ಕೈಗೆ ಸಿಗದಂತೆ ರಕ್ಷಿಸುವುದು ಬೆಳೆಯುವವನ ಹೊಣೆ.

ಅಮೆರಿಕದ ಕೆಲವು ರಾಜ್ಯಗಳಲ್ಲಿರುವಂಥ ಗಾಂಜಾ ಅಂಗಡಿಗಳು ಜರ್ಮನಿಯಲ್ಲಿ ಇಲ್ಲ. ಸಮಾನಾಸಕ್ತರು ಸೇರಿ ಸಾಮೂಹಿಕವಾಗಿ ಬೆಳೆಯುವ ಸಂಘಗಳಿಗೆ ಅವಕಾಶವಿದೆ. ಒಂದು ಸಂಘದಲ್ಲಿ ಗರಿಷ್ಠ 500 ಸದಸ್ಯರು. 2024ರ ಜುಲೈ 1ರಿಂದ ಅವುಗಳ ಅರ್ಜಿಗಳನ್ನು ಸ್ವೀಕರಿಸಲಾಯಿತು. ಆದರೆ ಪರವಾನಗಿ ಕೊಡುವುದು ರಾಜ್ಯಗಳ ಕೈಯಲ್ಲಿ. ಬವೇರಿಯಾದಂಥ ರಾಜ್ಯ ಈ ಕಾನೂನನ್ನು ಮೊದಲಿನಿಂದಲೂ ವಿರೋಧಿಸಿಕೊಂಡೇ ಬಂದಿದೆ. ಹೀಗಾಗಿ ಸಂಘಗಳು ಆಮೆಗತಿಯಲ್ಲಿ ತೆರೆದುಕೊಂಡವು. ಕಾಯಲಾರದವನಿಗೆ ಉಳಿದ ಕಾನೂನುಬದ್ಧ ದಾರಿಗಳು ಎರಡು. ಒಂದು ವೈದ್ಯರ ಚೀಟಿ, ಮತ್ತೊಂದು ಮನೆಯ ಮೂರು ಗಿಡ.

ಮನೆಯ ಗಿಡ ಎಂದರೆ ಬಾಲ್ಕನಿಯ ಕುಂಡ ಎಂದುಕೊಂಡರೆ ತಪ್ಪಾದೀತು. ಬರ್ಲಿನ್ ಇರುವುದು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಬೇಸಿಗೆಯಲ್ಲಿ ಬಾಲ್ಕನಿಯಲ್ಲಿಟ್ಟರೆ ನೆರೆಯವರ ಮೂಗಿಗೆ ವಾಸನೆ, ಪಕ್ಕದ ಮನೆಯ ಮಕ್ಕಳ ಕಣ್ಣಿಗೆ ಗಿಡ. ಆದ್ದರಿಂದ ಬಹಳಷ್ಟು ಮಂದಿ ಆಯ್ದುಕೊಂಡದ್ದು ಮಲಗುವ ಕೋಣೆಯ ಮೂಲೆಯಲ್ಲಿ ನಿಲ್ಲಿಸುವ ಬೀರುವಿನಷ್ಟು ದೊಡ್ಡ ಬಟ್ಟೆಯ ಟೆಂಟನ್ನು. ಒಳಗೋಡೆಗೆ ಬೆಳ್ಳಿಯಂತೆ ಹೊಳೆಯುವ ಹಾಳೆ, ಮೇಲೊಂದು ದೀಪ, ಪಕ್ಕದಲ್ಲೊಂದು ಫ್ಯಾನು. ವಾಸನೆ ಹೀರಲು ಇದ್ದಿಲಿನ ಫಿಲ್ಟರು. ಬಾಗಿಲಿಗೆ ಬೀಗ ಹಾಕಿದರೆ ಕಾನೂನು ಬಯಸುವ ರಕ್ಷಣೆಯೂ ಆಯಿತು.

ಸೇವಂತಿಗೆಯ ಪಾಠ

ದೀಪದ ಮಹತ್ವವನ್ನು ನಮ್ಮ ಓದುಗರಿಗೆ ವಿವರಿಸಲು ಜರ್ಮನಿಗೆ ಹೋಗಬೇಕಾಗಿಲ್ಲ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ನಡುವೆ ಸಾಲುಸಾಲಾಗಿ ಬಲ್ಬುಗಳು ಉರಿಯುವುದನ್ನು ಕಂಡಿರಬಹುದು. ಅದು ಜಾತ್ರೆಯಲ್ಲ, ಸೇವಂತಿಗೆ. ರಾತ್ರಿ ದೀರ್ಘವಾದಾಗ ಮಾತ್ರ ಹೂ ಬಿಡುವ ಗಿಡವದು. ರಾತ್ರಿಯ ಕತ್ತಲೆಯನ್ನು ಬೆಳಕಿನಿಂದ ಮುರಿದರೆ ಗಿಡ ಹೂ ಬಿಡುವುದನ್ನು ಮುಂದೂಡುತ್ತದೆ, ಎತ್ತರಕ್ಕೆ ಬೆಳೆಯುತ್ತದೆ. ಮಾರುಕಟ್ಟೆಗೆ ತಕ್ಕಂತೆ ಹೂವಿನ ಕಾಲವನ್ನು ಹೊಂದಿಸಿಕೊಳ್ಳುವ ಈ ವಿದ್ಯೆ ನಮ್ಮ ಹೂವಿನ ರೈತರಿಗೆ ಕರಗತ.

ಗಾಂಜಾವೂ ಇದೇ ಸ್ವಭಾವದ ಗಿಡ. ಮನೆಯೊಳಗೆ ಬೆಳೆಸುವವರು ಮೊದಲ ಕೆಲವು ವಾರ ದಿನಕ್ಕೆ 18 ಗಂಟೆ ಬೆಳಕು ಕೊಟ್ಟು ಗಿಡ ಬೆಳೆಸುತ್ತಾರೆ. ಅನಂತರ ಬೆಳಕು ಕತ್ತಲೆಗಳನ್ನು ತಲಾ 12 ಗಂಟೆಗೆ ಇಳಿಸಿ ಹೂವಿಗೆ ತಿರುಗಿಸುತ್ತಾರೆ. ಒಂದು ವ್ಯತ್ಯಾಸವುಂಟು. ಸೇವಂತಿಗೆಯ ಹೊಲದ ಬಲ್ಬು ಗಿಡಕ್ಕೆ ಸಮಯವನ್ನಷ್ಟೇ ತಿಳಿಸುತ್ತದೆ, ಊಟ ಹಾಕುವವನು ಸೂರ್ಯ. ಟೆಂಟಿನೊಳಗೆ ಸೂರ್ಯನಿಲ್ಲ. ಗಡಿಯಾರವೂ ದೀಪವೇ, ಊಟವೂ ದೀಪವೇ. ಅದಕ್ಕೇ ಅದರ ಆಯ್ಕೆ ಇಷ್ಟೊಂದು ತಲೆನೋವು.

ಎರಡು ದಶಕಗಳ ಹಿಂದೆ ಈ ತಲೆನೋವು ಇರಲಿಲ್ಲ, ಏಕೆಂದರೆ ಆಯ್ಕೆಯೇ ಇರಲಿಲ್ಲ. ನಮ್ಮ ಬೀದಿಗಳಲ್ಲಿ ಹಳದಿ ಬೆಳಕು ಚೆಲ್ಲುತ್ತಿದ್ದ ಸೋಡಿಯಂ ದೀಪಗಳ ಸಂಬಂಧಿಗಳನ್ನೇ ಎಲ್ಲರೂ ತೂಗುಹಾಕುತ್ತಿದ್ದರು. ಭಾರದ ಚೋಕು, ಕೆಂಡದಂಥ ಬಿಸಿ, ಆ ಬಿಸಿಯನ್ನು ಹೊರದಬ್ಬಲು ಇನ್ನೊಂದು ಫ್ಯಾನು. ಬಳಿಕ ಎಲ್‌ಇಡಿ ಬಂತು. ಮೊದಲ ತಲೆಮಾರಿನ ಗಿಡದ ಎಲ್‌ಇಡಿಗಳು ನೇರಳೆ ಬಣ್ಣ ಚೆಲ್ಲುತ್ತಿದ್ದವು. ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ, ಆದ್ದರಿಂದ ಅವೆರಡೇ ಸಾಕು ಎಂಬ ಅರ್ಧಸತ್ಯ ಅದರ ಹಿಂದಿತ್ತು. ಎಲೆಗಳು ಹಸಿರು ಬೆಳಕನ್ನೂ ಗಣನೀಯವಾಗಿ ಬಳಸಿಕೊಳ್ಳುತ್ತವೆ ಎಂಬುದನ್ನು ವಿಜ್ಞಾನಿ ಕೀತ್ ಮೆಕ್‌ಕ್ರೀ 1970ರ ದಶಕದ ಆರಂಭದಲ್ಲೇ ಅಳೆದು ತೋರಿಸಿದ್ದರು. ಮಾರಾಟಗಾರರಿಗೆ ಅದು ಬೇಕಿರಲಿಲ್ಲ, ನೇರಳೆ ಬೆಳಕಿಗೆ ‘ವೈಜ್ಞಾನಿಕ’ ಕಳೆ ಇತ್ತಲ್ಲ!

2014ರಲ್ಲಿ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ನೆಲ್ಸನ್ ಮತ್ತು ಬಗ್ಬೀ ಸೋಡಿಯಂ ಮತ್ತು ಎಲ್‌ಇಡಿ ದೀಪಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಗಿಡಕ್ಕೆ ಉಪಯುಕ್ತವಾದ ಬೆಳಕಿನ ಕಣಗಳನ್ನು ಮೈಕ್ರೊಮೋಲ್ ಎಂಬ ಮಾನದಲ್ಲಿ ಎಣಿಸುತ್ತಾರೆ. ಒಂದು ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೊಮೋಲ್ ಹೊರಬಂತು ಎಂಬುದೇ ದೀಪದ ದಕ್ಷತೆ. ಅಂದು ಅತ್ಯುತ್ತಮ ಸೋಡಿಯಂ ದೀಪ 1.70, ಅತ್ಯುತ್ತಮ ಎಲ್‌ಇಡಿ 1.66. ಎರಡೂ ಸರಿಸಮ ಎಂದಾಯಿತು. ಆದರೆ ಅಷ್ಟೇ ಬೆಳಕಿಗೆ ಎಲ್‌ಇಡಿ ಕೊಳ್ಳಲು ಐದರಿಂದ ಹತ್ತು ಪಟ್ಟು ಹೆಚ್ಚು ಹಣ ಬೇಕಿತ್ತು. ಅಂದರೆ ಹತ್ತು ವರ್ಷಗಳ ಹಿಂದೆ ಸೋಡಿಯಂ ಕೊಂಡವನು ದಡ್ಡನೇನಲ್ಲ.

ಅನಂತರ ಚಿತ್ರ ಬದಲಾಯಿತು. ನಮ್ಮ ಮನೆಗಳಲ್ಲಿ ಉರಿಯುವ ಬಿಳಿ ಎಲ್‌ಇಡಿಯ ಹಿಂದಿರುವುದು ನೀಲಿ ಬೆಳಕಿನ ಚಿಪ್ಪು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ ಅದೇ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಮನೆ, ಕಚೇರಿ, ಬೀದಿಗಳಿಗಾಗಿ ಕೋಟಿಗಟ್ಟಲೆ ತಯಾರಾದ ಬಿಳಿ ಡಯೋಡು ಅಗ್ಗವಾಯಿತು, ದಕ್ಷವೂ ಆಯಿತು. ಅದಕ್ಕೆ ಒಂದಿಷ್ಟು ಕೆಂಪು ಸೇರಿಸಿದರೆ ಗಿಡಕ್ಕೆ ಸಾಕು ಎಂಬುದು ಬೆಳೆಗಾರರಿಗೆ ಅರಿವಾಯಿತು. ಇಂದು ಮಧ್ಯಮ ದರ್ಜೆಯ ಗಿಡದ ದೀಪವೂ 2.5 ದಾಟುತ್ತದೆ, ಉತ್ತಮವಾದವು 3ರ ಗಡಿ ಮೀರಿವೆ. ಅಮೆರಿಕದಲ್ಲಿ ದೀಪಗಳಿಗೆ ಅರ್ಹತೆಯ ಮುದ್ರೆ ಒತ್ತುವ ಡಿಸೈನ್‌ಲೈಟ್ಸ್ ಕನ್ಸಾರ್ಟಿಯಂ ತನ್ನ ಕನಿಷ್ಠ ಮಟ್ಟವನ್ನು ಮೊದಲಿದ್ದ 1.9ರಿಂದ 2.3ಕ್ಕೆ ಏರಿಸಿದೆ.

ಅಂಗಡಿಯ ಕಣ್ಕಟ್ಟು

ಇಷ್ಟೆಲ್ಲ ಪ್ರಗತಿಯಾದರೂ ಮೊದಲ ಸಲ ಕೊಳ್ಳುವವನು ಮೋಸಹೋಗುವುದು ನಿಂತಿಲ್ಲ. ಆನ್‌ಲೈನ್ ಮಳಿಗೆಗಳಲ್ಲಿ ‘1000 ವ್ಯಾಟ್’ ಎಂಬ ಹೆಸರು ಹೊತ್ತ ದೀಪ ಗೋಡೆಯ ಪ್ಲಗ್ಗಿನಿಂದ ಎಳೆಯುವುದು 100 ವ್ಯಾಟ್ ಮಾತ್ರ ಎಂಬಂಥ ಉದಾಹರಣೆಗಳು ಧಾರಾಳ. ಹೆಸರಿನಲ್ಲಿರುವ ಸಾವಿರ ಯಾವುದೋ ಹಳೆಯ ದೀಪಕ್ಕೆ ‘ಸಮಾನ’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಇನ್ನು ಕೆಲವರು ಲ್ಯೂಮೆನ್ ಹೇಳುತ್ತಾರೆ. ಲ್ಯೂಮೆನ್ ಎಂಬುದು ಮನುಷ್ಯನ ಕಣ್ಣಿಗೆ ಮಾಡಿದ ಅಳತೆ. ಗಿಡಕ್ಕೆ ಕಣ್ಣಿಲ್ಲ.

ಹಾಗಾದರೆ ನೋಡಬೇಕಾದದ್ದು ಯಾವುದು? ಪ್ಲಗ್ಗಿನಿಂದ ನಿಜವಾಗಿ ಎಳೆಯುವ ವ್ಯಾಟ್ ಎಷ್ಟು, ಜೂಲಿಗೆ ಮೈಕ್ರೊಮೋಲ್ ಎಷ್ಟು ಎಂಬ ಎರಡು ಅಂಕಿಗಳೇ ಮುಖ್ಯ. ಲೆಕ್ಕವನ್ನು ಮಾಡಿಯೇ ನೋಡೋಣ. ಆರಂಭಿಕರು ಸಾಮಾನ್ಯವಾಗಿ ಕೊಳ್ಳುವ ಟೆಂಟಿನ ನೆಲ 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, ಅಂದರೆ 0.36 ಚದರ ಮೀಟರ್. ನಿಜವಾದ 100 ವ್ಯಾಟ್ ಎಳೆಯುವ, 2.5 ದಕ್ಷತೆಯ ದೀಪ ಸೆಕೆಂಡಿಗೆ 250 ಮೈಕ್ರೊಮೋಲ್ ಚೆಲ್ಲುತ್ತದೆ. ಅಷ್ಟೂ ಎಲೆಗಳ ಮೇಲೆ ಬಿದ್ದರೆ ಚದರ ಮೀಟರಿಗೆ ಸುಮಾರು 690. ಗೋಡೆಗೆ, ನೆಲಕ್ಕೆ ಹೋಗುವ ನಷ್ಟ ಕಳೆದರೂ 500ಕ್ಕೆ ಕಡಿಮೆಯಾಗದು. ಹೊಸಬನ ಗಿಡಗಳಿಗೆ ಇದು ಧಾರಾಳ. ಮೊದಲ ಬೆಳೆಯಲ್ಲಿ ಗಿಡ ಸೊರಗುವುದು ಅತಿಯಾಗಿ ನೀರೆರೆದದ್ದಕ್ಕೆ, ದೀಪ ತೀರಾ ಹತ್ತಿರವಾದದ್ದಕ್ಕೆ; ಬೆಳಕಿನ ಬರದಿಂದಲ್ಲ. ಬೆಳಕನ್ನು ತಗ್ಗಿಸುವ ತಿರುಗುಗುಂಡಿ ಇರುವ ದೀಪ ಇದಕ್ಕಾಗಿಯೇ ಮೇಲು.

ಅತಿನೇರಳೆ ಕಿರಣದ ಹೆಚ್ಚುವರಿ ಡಯೋಡಿಗೆ ಹೆಚ್ಚುವರಿ ಹಣ ಕೇಳುವ ದೀಪಗಳೂ ಇವೆ. ಆ ಕಿರಣ ಬಿದ್ದರೆ ಗಾಂಜಾದ ಅಮಲಿನ ಅಂಶ ಏರುತ್ತದೆ ಎಂಬ ನಂಬಿಕೆಗೆ 1987ರ ಒಂದು ಅಮೆರಿಕನ್ ಅಧ್ಯಯನ ಬೇರು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಇಂದಿನ ತಳಿಗಳ ಮೇಲೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಅಂಥ ಲಾಭ ಕಾಣಿಸಲಿಲ್ಲ. ಆದರೂ ಡಯೋಡುಗಳ ಮಾರಾಟ ನಿಂತಿಲ್ಲ.

ಸುರಕ್ಷತೆಯ ಮಾತು ಜಾಹೀರಾತಿನಲ್ಲಿ ಬರುವುದೇ ಇಲ್ಲ. ಟೆಂಟಿನೊಳಗೆ ನೀರು, ತೇವ, ವಿದ್ಯುತ್ತು ಮೂರೂ ಒಂದೆಡೆ ಇರುತ್ತವೆ. ಅರ್ತಿಂಗ್ ಸರಿಯಿಲ್ಲದ ಅಗ್ಗದ ದೀಪ, ನೆಲದ ಮೇಲೆ ಬಿದ್ದ ಎಕ್ಸ್‌ಟೆನ್ಷನ್ ಬೋರ್ಡು, ಅದರ ಪಕ್ಕದಲ್ಲೇ ನೀರು ಸೋರುವ ಕುಂಡ. ಉಳಿದದ್ದನ್ನು ಊಹಿಸಬಹುದು. ಎಲ್‌ಇಡಿ ತಣ್ಣಗಿರುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 100 ವ್ಯಾಟ್ ಎಳೆದರೆ ಕೊನೆಗೆ ಬಹುತೇಕ ಅಷ್ಟೂ ಶಾಖವಾಗಿಯೇ ಕೋಣೆ ಸೇರುತ್ತದೆ. ಸೋಡಿಯಂಗೆ ಹೋಲಿಸಿದರೆ ಅದೇ ಬೆಳಕಿಗೆ ಎಳೆಯುವ ವ್ಯಾಟ್ ಕಡಿಮೆ ಎಂಬುದಷ್ಟೇ ಸಮಾಧಾನ. ಬಾಡಿಗೆ ಮನೆಯಲ್ಲಿ ತೇವದಿಂದ ಗೋಡೆಗೆ ಬೂಷ್ಟು ಹಿಡಿದರೆ ಮಾಲೀಕನೊಂದಿಗೆ ಜಗಳ ಬೇರೆ. ಗಿಡಕ್ಕೆ ಕಾನೂನಿನ ರಕ್ಷಣೆ ಇರಬಹುದು, ಬೂಷ್ಟಿಗೆ ಇಲ್ಲ.

ಬಿಲ್ಲಿನ ಲೆಕ್ಕ

ಜರ್ಮನಿಯಲ್ಲಿ ಗೃಹಬಳಕೆಯ ವಿದ್ಯುತ್ತು ಯೂನಿಟ್ಟಿಗೆ ಸುಮಾರು 40 ಸೆಂಟ್. ಯುರೋಪಿನಲ್ಲೇ ದುಬಾರಿ ದರಗಳಲ್ಲಿ ಅದೂ ಒಂದು. ನಮ್ಮ 100 ವ್ಯಾಟ್ ದೀಪ ನಾಲ್ಕು ವಾರ 18 ಗಂಟೆಯಂತೆ, ಒಂಬತ್ತು ವಾರ 12 ಗಂಟೆಯಂತೆ ಉರಿದರೆ 126 ಯೂನಿಟ್ ಖರ್ಚು. ಬೆಲೆ 50 ಯೂರೋ. ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ 42 ಯೂನಿಟ್. ನಮ್ಮ ಗೃಹಜ್ಯೋತಿಯ ಮಾಸಿಕ ಮಿತಿ 200 ಯೂನಿಟ್ ಎಂಬುದನ್ನು ನೆನೆದರೆ ಇದು ದೊಡ್ಡ ಹೊರೆಯಲ್ಲ ಎನಿಸೀತು. ಆದರೆ ಹಳೆಯ ಸೋಡಿಯಂ ದೀಪದಿಂದ ಇಷ್ಟೇ ಬೆಳಕು ಪಡೆಯಲು ಎರಡು ಪಟ್ಟಿನ ಆಸುಪಾಸು ವಿದ್ಯುತ್ತು ಬೇಕಾಗುತ್ತಿತ್ತು. ಒಂದೆರಡು ಬೆಳೆಯಲ್ಲೇ ಎಲ್‌ಇಡಿಯ ಹೆಚ್ಚುವರಿ ಬೆಲೆ ಮರಳಿಬರುವುದು ಹೀಗೆ.

ಜರ್ಮನಿಯ ಬಾಲ್ಕನಿಗಳಲ್ಲಿ ಈಗ ಪುಟ್ಟ ಸೌರಫಲಕಗಳ ಭರಾಟೆ. 2024ರ ಮೇ ತಿಂಗಳಲ್ಲಿ ಅವುಗಳ ಮಿತಿಯನ್ನು 600ರಿಂದ 800 ವ್ಯಾಟಿಗೆ ಏರಿಸಲಾಯಿತು. ಬಾಲ್ಕನಿಯಲ್ಲಿ ಬಿಸಿಲು ಹಿಡಿದು, ಒಳಗೆ ಅದೇ ಬಿಸಿಲನ್ನು ದೀಪವಾಗಿಸಿ, ಬಿಸಿಲಿನಲ್ಲಿಯೇ ಬೆಳೆಯಬಲ್ಲ ಗಿಡಕ್ಕೆ ಉಣಿಸುವುದು! ಆಧುನಿಕ ನಾಗರಿಕತೆಯ ಸುತ್ತುಬಳಸು ದಾರಿಗೆ ಇದಕ್ಕಿಂತ ಸೊಗಸಾದ ದೃಷ್ಟಾಂತ ಸಿಗಲಾರದು.

ದೀಪ ದೊಡ್ಡದಾದರೆ

ಈಗ ವಿಷಯದ ತಿರುಳಿಗೆ ಬರೋಣ. ಗಾಂಜಾ ಗಿಡಕ್ಕೆ ಬೆಳಕು ಹೆಚ್ಚಿದಷ್ಟೂ ಇಳುವರಿ ಏರುತ್ತದೆ. ಗ್ವೆಲ್ಫ್‌ನ ಸಂಶೋಧಕರು 2021ರಲ್ಲೇ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಚದರ ಮೀಟರಿಗೆ 1800 ಮೈಕ್ರೊಮೋಲ್‌ವರೆಗೂ, ಅಂದರೆ ಬೇಸಿಗೆಯ ಮಧ್ಯಾಹ್ನದ ಬಿಸಿಲಿನ ಮಟ್ಟದವರೆಗೂ, ಹೂವಿನ ತೂಕ ನೇರಗೆರೆಯಲ್ಲಿ ಏರುತ್ತಲೇ ಹೋಯಿತು. ಅಮಲಿನ ಅಂಶದ ಪ್ರಮಾಣ ಮಾತ್ರ ಬದಲಾಗಲಿಲ್ಲ. ದೊಡ್ಡ ದೀಪ ಕೊಡುವುದು ಹೆಚ್ಚು ತೂಕವನ್ನು, ಹೆಚ್ಚು ತೀಕ್ಷ್ಣತೆಯನ್ನಲ್ಲ.

ಬೆಳೆಗಾರರ ನಡುವೆ ಒಂದು ಅಂದಾಜಿನ ಲೆಕ್ಕ ಚಾಲ್ತಿಯಲ್ಲಿದೆ. ಹೊಸಬನಿಗೆ ವ್ಯಾಟಿಗೆ ಅರ್ಧ ಗ್ರಾಂ, ಕೈ ಪಳಗಿದವನಿಗೆ ಒಂದು ಗ್ರಾಂ. ಹಾಗಾದರೆ ನಮ್ಮ 100 ವ್ಯಾಟ್ ದೀಪ ಕೊಡುವುದು 50ರಿಂದ 100 ಗ್ರಾಂ. ಕಾನೂನಿನ ಮಿತಿ ಎಷ್ಟು? 50 ಗ್ರಾಂ. 50 ದಾಟಿ 60ರ ಒಳಗಿದ್ದರೆ ದಂಡ ತೆರುವ ತಪ್ಪು. 60 ದಾಟಿತೋ, ಕ್ರಿಮಿನಲ್ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ ಅಥವಾ ಜುಲ್ಮಾನೆ. ಮೂರೇ ಗಿಡ ಬೆಳೆಸಿದ, ಬೀಗ ಹಾಕಿದ, ಯಾರಿಗೂ ಒಂದೆಸಳೂ ಕೊಡದ ಶಿಸ್ತಿನ ನಾಗರಿಕ ಸ್ವಲ್ಪ ಒಳ್ಳೆಯ ದೀಪ ಕೊಂಡದ್ದರಿಂದಲೇ ಸುಗ್ಗಿಯ ವಾರದಲ್ಲಿ ಅಪರಾಧಿಯ ಸಾಲಿಗೆ ಸೇರಬಲ್ಲ. ಅಂಗಡಿಯವನು ‘ಸ್ವಲ್ಪ ಮೇಲಿನದ್ದೇ ತಗೊಳ್ಳಿ’ ಎಂದು 200 ವ್ಯಾಟಿನದ್ದನ್ನು ಕೊಟ್ಟರಂತೂ ಕೇಳುವುದೇ ಬೇಡ.

ಜರ್ಮನಿಯ ಶಾಸಕರು ಗಿಡಗಳನ್ನು ಎಣಿಸಿದರು, ಗ್ರಾಂಗಳನ್ನು ತೂಗಿದರು. ಅವೆರಡರ ನಡುವೆ ನಿಂತಿರುವ ವ್ಯಾಟನ್ನು ಮರೆತರು. ಗಿಡ ಎಂಬುದು ಒಂದು ಸ್ಥಿರವಾದ ಅಳತೆಯಲ್ಲ. ಸಣ್ಣ ದೀಪದಡಿ ಒಂದು ಗಿಡ ಹತ್ತಿಪ್ಪತ್ತು ಗ್ರಾಂ ಕೊಟ್ಟರೆ ದೊಡ್ಡ ದೀಪದಡಿ, ವಿಶಾಲ ಟೆಂಟಿನಲ್ಲಿ ಅದೇ ಗಿಡ ನೂರಾರು ಗ್ರಾಂ ಕೊಡಬಲ್ಲದು. ಹೆಚ್ಚಾದದ್ದನ್ನು ಏನು ಮಾಡಬೇಕು? ನಾಶಪಡಿಸಬೇಕು. ಮೂರು ತಿಂಗಳು ಬಿಲ್ಲು ಕಟ್ಟಿ ಬೆಳೆದದ್ದನ್ನು ಕಸಕ್ಕೆ ಎಸೆಯುವ ಪ್ರಾಮಾಣಿಕತೆಯನ್ನು ಕಾನೂನು ನಿರೀಕ್ಷಿಸುತ್ತಿದೆ. ಎಷ್ಟು ಮಂದಿ ಹಾಗೆ ಮಾಡುತ್ತಾರೆ ಎಂಬುದನ್ನು ಅಳೆಯುವವರು ಯಾರು? ಹೆಚ್ಚುವರಿ ಗೆಳೆಯರಿಗೆ ಹೋಗುತ್ತದೆ, ಗೆಳೆಯರಿಂದ ಗೆಳೆಯರ ಗೆಳೆಯರಿಗೆ. ಕಪ್ಪುಮಾರುಕಟ್ಟೆಯನ್ನು ಮುಚ್ಚುವುದೇ ಉದ್ದೇಶವಾಗಿದ್ದ ಕಾನೂನಿಗೆ ಇದು ಶೋಭೆಯಲ್ಲ. ವಿವೇಕಿಗಳು ಮೂರು ಗಿಡಗಳನ್ನು ಒಂದೇ ಬಾರಿ ಕೊಯ್ಯದೆ ತಿಂಗಳ ಅಂತರದಲ್ಲಿ ಒಂದೊಂದಾಗಿ ಬೆಳೆಸುತ್ತಾರೆ, ಅಥವಾ ಗಾತ್ರದಲ್ಲೇ ಕುಬ್ಜವಾದ ತಳಿ ಆರಿಸುತ್ತಾರೆ. ಸಣ್ಣ ದೀಪ ಕೊಳ್ಳುವುದು ಇವೆಲ್ಲಕ್ಕಿಂತ ಸುಲಭದ ದಾರಿ. ಆದರೆ ‘ಸಣ್ಣದೇ ಸಾಕು’ ಎನ್ನುವ ಅಂಗಡಿಯನ್ನು ಯಾರು ಕಂಡಿದ್ದಾರೆ?

ಅಮೆರಿಕದಲ್ಲಿ ಲೆಕ್ಕ ಬೇರೆ ಬಗೆಯದು. ಅಲ್ಲಿ ವಾಣಿಜ್ಯ ಬೆಳೆಗಾರರಿಗೆ ಕೆಲವು ರಾಜ್ಯಗಳು ವ್ಯಾಟಿನ ಮೇಲೆಯೇ ಕಣ್ಣಿಟ್ಟಿವೆ. ಮ್ಯಾಸಚೂಸೆಟ್ಸ್ ಮತ್ತು ಇಲಿನಾಯ್ ರಾಜ್ಯಗಳು ದೊಡ್ಡ ಘಟಕಗಳಿಗೆ ಚದರ ಅಡಿಗೆ 36 ವ್ಯಾಟಿನ ಮಿತಿಯನ್ನು ತಂದವು. ಕ್ಯಾಲಿಫೋರ್ನಿಯಾ 2023ರಿಂದ ದೊಡ್ಡ ಒಳಾಂಗಣ ಘಟಕಗಳ ದೀಪಗಳಿಗೆ 1.9 ದಕ್ಷತೆಯನ್ನು ಕಡ್ಡಾಯಗೊಳಿಸಿತು. ಅವರನ್ನು ಇತ್ತ ದೂಡಿದ್ದು ಅಮಲಿನ ಚಿಂತೆಯಲ್ಲ, ವಿದ್ಯುತ್ತಿನ ಚಿಂತೆ. 2012ರಲ್ಲಿ ಇವಾನ್ ಮಿಲ್ಸ್ ಎಂಬ ಇಂಧನ ತಜ್ಞ ಅಮೆರಿಕದ ಒಟ್ಟು ವಿದ್ಯುತ್ತಿನ ಸುಮಾರು ಶೇ. 1ರಷ್ಟು ಗಾಂಜಾವನ್ನು ಮನೆಯೊಳಗೆ ಬೆಳೆಯಲು ಖರ್ಚಾಗುತ್ತಿದೆ ಎಂದು ಅಂದಾಜಿಸಿ ಗಾಬರಿ ಹುಟ್ಟಿಸಿದ್ದರು. ಒಂದು ಕಿಲೋ ಒಣಹೂವಿನ ಹಿಂದೆ ಸ್ಥಳಕ್ಕನುಗುಣವಾಗಿ 2283ರಿಂದ 5184 ಕಿಲೋವರೆಗೆ ಇಂಗಾಲಾನಿಲದ ಹೊರೆ ಇದೆಯೆಂದು ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಯನ 2021ರಲ್ಲಿ ಹೇಳಿತು. ಅದರಲ್ಲಿ ದೀಪದ ಪಾಲಿನ ಜೊತೆಗೆ ಗಾಳಿ, ತಾಪ, ತೇವವನ್ನು ಹದದಲ್ಲಿಡುವ ಯಂತ್ರಗಳ ಪಾಲೂ ದೊಡ್ಡದು. ಎಲ್‌ಇಡಿ ಬಂದಿದ್ದರಿಂದ ಈ ಹೊರೆ ಇಳಿಯಿತೇ? ಒಂದು ಗ್ರಾಂನ ಲೆಕ್ಕದಲ್ಲಿ ಇಳಿದಿರಬೇಕು. ಆದರೆ ಬೆಳಕು ಅಗ್ಗವಾದಾಗ ಮನುಷ್ಯ ಮಾಡುವುದು ಇನ್ನಷ್ಟು ದೀಪ ತೂಗುಹಾಕುವ ಕೆಲಸವನ್ನೇ. ಇಳುವರಿ ನೇರಗೆರೆಯಲ್ಲಿ ಏರುತ್ತದೆಂದು ತಿಳಿದ ಮೇಲಂತೂ.

ರಾಜಕೀಯದ ಗಾಳಿ

ಜರ್ಮನಿಯಲ್ಲಿ ಈ ಕಾನೂನು ತಂದ ಸರಕಾರ ಈಗ ಇಲ್ಲ. 2025ರ ಮೇ ತಿಂಗಳಲ್ಲಿ ಫ್ರೀಡ್ರಿಷ್ ಮೆರ್ಟ್ಸ್ ಚಾನ್ಸಲರ್ ಆದರು. ಅವರ ಪಕ್ಷ ಚುನಾವಣೆಯಲ್ಲಿ ಕಾನೂನನ್ನು ರದ್ದುಪಡಿಸುವ ಭರವಸೆ ಕೊಟ್ಟಿತ್ತು. ಆದರೆ ಕಾನೂನು ತಂದವರಲ್ಲಿ ಒಂದಾದ ಸೋಷಿಯಲ್ ಡೆಮಾಕ್ರಟರೇ ಮಿತ್ರಪಕ್ಷವಾಗಿರುವಾಗ ರದ್ದತಿ ಸುಲಭವಲ್ಲ. ಮೊದಲು ಮೌಲ್ಯಮಾಪನವಾಗಲಿ, ಆಮೇಲೆ ನೋಡೋಣ ಎಂಬ ರಾಜಿಗೆ ಬಂದರು. ಮೊದಲ ಮಧ್ಯಂತರ ವರದಿ 2025ರ ಸೆಪ್ಟೆಂಬರ್ ಕೊನೆಗೆ ಹೊರಬಂತು. ತುರ್ತಾಗಿ ಕೈಹಾಕಬೇಕಾದ ಅಪಾಯವೇನೂ ಕಾಣಲಿಲ್ಲವೆಂದ ಆ ವರದಿ, ಬೆಳೆಗಾರರ ಸಂಘಗಳು ಕಪ್ಪುಮಾರುಕಟ್ಟೆಯನ್ನು ಹಿಮ್ಮೆಟ್ಟಿಸುವಲ್ಲಿ ಹೆಚ್ಚೇನೂ ಮಾಡಿಲ್ಲವೆಂದೂ ಹೇಳಿತು. ಅಂತಿಮ ವರದಿ ಬರಬೇಕಾದದ್ದು 2028ರಲ್ಲಿ.

ಅಕ್ಟೋಬರ್ 2025ರಲ್ಲಿ ಸಚಿವ ಸಂಪುಟ ಒಪ್ಪಿದ ಕರಡು ಮಸೂದೆಯ ಗುರಿ ಮನೆಯ ಗಿಡವಾಗಿರಲಿಲ್ಲ. ಆನ್‌ಲೈನಿನಲ್ಲಿ ನಾಲ್ಕು ಪ್ರಶ್ನೆ ತುಂಬಿ ವೈದ್ಯರ ಚೀಟಿ ಪಡೆದು, ಅಂಚೆಯಲ್ಲಿ ಔಷಧಿ ಗಾಂಜಾ ತರಿಸಿಕೊಳ್ಳುವ ದಂಧೆಯ ಮೇಲೆ ಅದರ ಕಣ್ಣು. ಆ ದಾರಿ ಬಿಗಿಯಾದರೆ ಜನ ಹೊರಳುವುದು ಎತ್ತ? ದೀಪದ ಅಂಗಡಿಯತ್ತ ಎಂದು ಊಹಿಸಲು ಜ್ಯೋತಿಷಿ ಬೇಕಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ ಮಾಡಿದಂತೆ ಮನೆಯ ಗಿಡವನ್ನೇ ನಿಷೇಧಿಸುವ ದಾರಿಯೂ ಇದೆ. ಅಲ್ಲಿನ ಸುಪ್ರೀಂ ಕೋರ್ಟು 2023ರಲ್ಲಿ ಆ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಆಗಲೇ ಕೊಂಡುಬಿಟ್ಟಿರುವ ದೀಪಗಳನ್ನು ಏನು ಮಾಡುವುದು?

ನಮಗೇಕೆ ಈ ಚಿಂತೆ?

ಓದುಗರು ಈ ಪ್ರಶ್ನೆ ಕೇಳುವುದು ಸಹಜ. ಉತ್ತರ ಶಿವಮೊಗ್ಗದಲ್ಲಿದೆ. 2023ರ ಜೂನ್ ತಿಂಗಳಲ್ಲಿ ಅಲ್ಲಿನ ಪೊಲೀಸರು ಮನೆಯೊಂದರ ಮೇಲೆ ದಾಳಿ ಮಾಡಿದಾಗ ಸಿಕ್ಕಿದ್ದು ಇದೇ ಟೆಂಟು, ಇದೇ ಎಲ್‌ಇಡಿ ದೀಪ, ಇದೇ ಫ್ಯಾನು. ಬಂಧಿತರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿದ್ದರು. ಕಾಡಂಚಿನ ಹೊಲದಲ್ಲಿ ಜೋಳ ಹತ್ತಿಗಳ ನಡುವೆ ಅಡಗಿಸಿ ಬೆಳೆಯುತ್ತಿದ್ದ ಗಾಂಜಾವನ್ನು ಹುಡುಕುವುದು ನಮ್ಮ ಅಬಕಾರಿಯವರಿಗೆ ಗೊತ್ತು. ಓದಿದವರ ಮನೆಯ ಬೀರುವಿನಲ್ಲಿ ಬೆಳೆದದ್ದನ್ನು ಹುಡುಕುವುದು ಬೇರೆಯೇ ವಿದ್ಯೆ. ಇತ್ತ ಥಾಯ್ಲೆಂಡ್ 2022ರ ಜೂನ್ 9ರಂದು ಗಾಂಜಾವನ್ನು ಮಾದಕಪಟ್ಟಿಯಿಂದ ಕೈಬಿಟ್ಟ ಬಳಿಕ ಬ್ಯಾಂಕಾಕ್‌ನಿಂದ ಬರುವ ಪ್ರಯಾಣಿಕರ ಪೆಟ್ಟಿಗೆಗಳಲ್ಲಿ ‘ಹೈಡ್ರೋ ಗಾಂಜಾ’ ಸಿಗುವುದು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮರುಕಳಿಸುವ ಸುದ್ದಿಯಾಗಿದೆ. ಅದೂ ದೀಪದಡಿಯ ಬೆಳೆಯೇ. 2025ರ ಜೂನ್‌ನಲ್ಲಿ ಥಾಯ್ಲೆಂಡ್ ಮತ್ತೆ ಬಿಗಿ ಮಾಡಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು.

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟ. ಸರಕಾರದ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದು 20ನೇ ಕಲಮಿನಡಿ ಅಪರಾಧ. ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹೂವಿಲ್ಲದ ಎಲೆಯನ್ನು, ಅಂದರೆ ನಮ್ಮ ಹಳ್ಳಿಗರ ಭಂಗಿಸೊಪ್ಪನ್ನು, ಕಾಯ್ದೆ ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ ನಿಜ. ಆದರೆ ಗಿಡ ಬೆಳೆಸಲು ಅದು ಅನುಮತಿಯಲ್ಲ. ಮೂರು ಗಿಡದ ಮಾತಿರಲಿ, ಒಂದಕ್ಕೂ ವಿನಾಯಿತಿ ಇಲ್ಲ.

ಓದಲು, ದುಡಿಯಲು ಜರ್ಮನಿಗೆ ಹೋಗುವ ಕನ್ನಡಿಗ ಯುವಕರ ಸಂಖ್ಯೆ ದೊಡ್ಡದು. ಅಲ್ಲಿ ನಾಲ್ಕೈದು ಮಂದಿ ಸೇರಿ ಒಂದೇ ಫ್ಲ್ಯಾಟಿನಲ್ಲಿರುವುದು ವಾಡಿಕೆ. ಒಬ್ಬೊಬ್ಬ ವಯಸ್ಕನಿಗೆ ಮೂರು ಗಿಡ ಎಂಬುದರಿಂದ ಮೂವರಿದ್ದರೆ ಒಂಬತ್ತು ಗಿಡ ಎಂದು ಸಹವಾಸಿಗಳು ಲೆಕ್ಕ ಹೇಳಿಯಾರು. ಆ ಲೆಕ್ಕದಲ್ಲಿ ಹೊಸದಾಗಿ ಬಂದವನು ಸೇರುವುದಿಲ್ಲ. ಕಾನೂನು ‘ವಾಸಸ್ಥಳ’ ಎನ್ನುವುದು ಕನಿಷ್ಠ ಆರು ತಿಂಗಳಿನಿಂದ ಇರುವ ಮನೆಯನ್ನು. ಮೊನ್ನೆ ಬಂದಿಳಿದ ವಿದ್ಯಾರ್ಥಿಯ ಹೆಸರಿನಲ್ಲಿ ಇಟ್ಟ ಮೂರು ಗಿಡ ಕಾನೂನುಬಾಹಿರ. ವೀಸಾ ನವೀಕರಣದ ಸಾಲಿನಲ್ಲಿ ನಿಲ್ಲಬೇಕಾದವನಿಗೆ ಕ್ರಿಮಿನಲ್ ಪ್ರಕರಣವೊಂದರ ಅರ್ಥ ಏನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಲ್ಯಾಟಿನ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಮೂಲೆಯ ಕೋಣೆಯ ಬಾಗಿಲಡಿಯಿಂದ ಹಗಲೂ ರಾತ್ರಿ ಬಿಳಿ ಬೆಳಕು ಸೋರುತ್ತಿದ್ದರೆ ಅದು ಯಾರ ದೀಪ, ಅದರಡಿ ಎಷ್ಟು ಗಿಡ, ಯಾರ ಹೆಸರಿನಲ್ಲಿ ಎಂದು ಕೇಳಿಕೊಳ್ಳಲು ಅವನಿಗೆ ಸಂಕೋಚ ಬೇಡ.